ಗಿಡ್ಡಪ್ಪನ ಗೋಡೆಗುಂಟ ಹೊಲಿದ ಕೌದಿ

ತುರ್ವಿಹಾಳದ ತಿಮ್ಮವ್ವನಿಗೆ ಸೊಟ್ಟಗಿರುವ ಯಾವುದನ್ನು ಕಂಡರೂ ಮೈ ಉರಿಯುತ್ತಿತ್ತು. ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವಾಗ ಪಕ್ಕದವಳ ಸಾಲು ಒಂದಿಷ್ಟು ವಾಲಿದರೆ ಸಾಕು, ಮೊಣಕಾಲುದ್ದ ಕೆಸರಿನಲ್ಲಿ ನಿಂತೇ ಬಾಯಿ ತೆರೆಯುತ್ತಿದ್ದಳು. "ಏನಬೇ, ಕಣ್ಣು ಕಾಲುವಿ ದಂಡಿಗೆ ಇಟ್ಟು ಬಂದೀಯೇನು?" ಮದುವೆಮನೆಯಲ್ಲಿ ಯಾವ ಹುಡುಗಿಯ ಬೈತಲೆಯಾದರೂ ಅತ್ತಿತ್ತ ಆಗಿದ್ದರೆ ಹಿಡಿದು ಕೂರಿಸಿ ಮತ್ತೆ ತೆಗೆಯುತ್ತಿದ್ದಳು. ಅವಳು ಬರುವುದು ಕಂಡರೆ ಅಂಗಡಿಯ ಸಂಗನಬಸವ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ನೆಟ್ಟಗೆ ಮಾಡಿ ಕೂರುತ್ತಿದ್ದನಂತೆ. ಊರವರು ನಗಲಿಕ್ಕೆ ಹೇಳುತ್ತಿದ್ದ ಮಾತು ಅದು, ಆದರೆ ಸುಳ್ಳಿರಲಿಕ್ಕಿಲ್ಲ.

ಈ ಗುಣ ಅವಳಿಗೆ ಕೌದಿಯಿಂದ ಬಂದದ್ದು. ತವರು ಪಾಮನಕಲ್ಲೂರು. ಮಳೆಯನ್ನೇ ನಂಬಿದ ಹೊಲಗಳ ಊರು, ಬೇಸಿಗೆಯಲ್ಲಿ ಹೆಂಗಸರಿಗೆ ಹೊಲದ ಕೆಲಸವಿರದು. ಆಗ ಅವಳ ತಾಯಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿಕೊಂಡು ಕೌದಿ ಹೊಲಿಯಲು ಕೂರುತ್ತಿದ್ದಳು. ಅಂಚಿನಿಂದ ಶುರು ಮಾಡಿ, ನಾಲ್ಕೂ ಕಡೆ ಸುತ್ತು ಹಾಕುತ್ತ, ಒಳಗೊಳಗೆ ಬರುತ್ತ ಹೋದರೆ ಕಡೆಗೆ ನಟ್ಟನಡುವೆ ಅಂಗೈಯಗಲ ಬಾಯಿ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ಜೋಳದ ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು, ಆಮೇಲೆ ಬಾಯಿ ಹೊಲಿಯಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂದು ಆ ಮನೆತನದವರು ನಂಬಿದ್ದರು. ಹಾಗೆ ಹೊಟ್ಟೆ ತುಂಬಿಸಿದ ಕೌದಿಯನ್ನು ಏನೇ ಆದರೂ ಬಿಚ್ಚುವಂತಿಲ್ಲ. ತಿಮ್ಮವ್ವ ಸಣ್ಣವಳಿದ್ದಾಗ ಒಮ್ಮೆ ದಾರ ಎಳೆಯಲು ಹೋಗಿ ತಾಯಿಯ ಕೈಯಲ್ಲಿ ಹೊಡೆತ ತಿಂದಿದ್ದಳು. "ಉಂಡು ಮಲಗಿದವರ ಹೊಟ್ಟಿ ಸೀಳ್ತೀಯೇನಬೇ?" ಎಂದ ತಾಯಿಯ ಮುಖ ಅವಳಿಗೆ ಇವತ್ತಿಗೂ ಕಣ್ಣ ಮುಂದಿದೆ.

ತುರ್ವಿಹಾಳಕ್ಕೆ ಸೊಸೆಯಾಗಿ ಬಂದಾಗ ಗಂಡನ ಮನೆಯ ನೆಲ ಮಣ್ಣಿನದು, ಉಬ್ಬು ತಗ್ಗು. ಅಲ್ಲಿ ಕೌದಿ ಹಾಸಿದರೆ ಮುದುಡಿ ಬರುತ್ತಿತ್ತು. ಊರಿನ ಹಳೆಯ ಶಾಲೆಯ ಪಡಸಾಲೆಗೆ ಮಾತ್ರ ಪರಸಿಕಲ್ಲಿನ ಚಪ್ಪಡಿ ಹಾಸಿದ್ದರು. ಬೇಸಿಗೆಗೆ ಕಾಲುವೆಯ ನೀರು ಬಂದಾಗಿ, ಶಾಲೆಗೆ ರಜೆ ಬಿದ್ದ ಕೂಡಲೇ ತಿಮ್ಮವ್ವ ಗಂಟು ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಎದುರಿಗೆ ಮನೆ ಕಟ್ಟುವ ಗೌಂಡಿ ಹಾಜಿಸಾಬನ ಹೆಂಡತಿ ಜುಬೇದಾಬೀ. ಕಲ್ಲಿನ ಉದ್ದನೆಯ ಸಂದಿಗೆ ಸೀರೆಯ ಒಂದು ಅಂಚು, ಅಡ್ಡ ಸಂದಿಗೆ ಇನ್ನೊಂದು ಅಂಚು ಹೊಂದಿಸಿ ಹಾಸಿದರೆ ಮುಗಿಯಿತು. ಆಮೇಲೆ ಇಬ್ಬರೂ ಊರಿನ ಸುದ್ದಿ ಆಡುತ್ತ ಹೊಲಿಯುವುದು. ಸಿಂಧನೂರು, ಮಸ್ಕಿಯಿಂದಲೂ ಜನ ಬಂದು ಹಳೇ ಸೀರೆಗಳನ್ನು ಕೊಟ್ಟು ಹೋಗುತ್ತಿದ್ದರು. ತಿಮ್ಮವ್ವನ ಕೌದಿಯನ್ನು ಮಡಿಚಿದರೆ ಅಂಚಿಗೆ ಅಂಚು ಕೂಡುತ್ತದೆ ಎಂಬ ಹೆಸರಿತ್ತು. ಅವಳಿಗೆ ಇದ್ದದ್ದು ಆ ಹೆಸರೊಂದೇ.

ಆ ಶಾಲೆಯನ್ನು ಕೆಡವಿ ಹೊಸದು ಕಟ್ಟಿದರು. ಹೊಸದಕ್ಕೆ ಗೇಟು, ಗೇಟಿಗೆ ಬೀಗ. ಆವತ್ತಿನಿಂದ ತಿಮ್ಮವ್ವ ಗಂಡನ ತಲೆ ತಿನ್ನಲು ಶುರು ಮಾಡಿದಳು.

"ಬಂಗಾರ ಕೇಳಿಲ್ಲ, ಬೆಳ್ಳಿ ಕೇಳಿಲ್ಲ. ಪರಸಿ ಹಾಕಿದ ಒಂದು ಖೋಲಿ ಕೇಳಾಕತ್ತೀನಿ."

ಗಂಡ ಕನಕರಾಯ ಮಾತಿಗೆ ಕಡಿಮೆ, ಹಟಕ್ಕೆ ಜಾಸ್ತಿ. ಕಡೆಗೂ ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಹಳೆಯ ಮನೆಯ ಮಗ್ಗುಲಿಗಿದ್ದ ಖಾಲಿ ಜಾಗದಲ್ಲಿ ಖೋಲಿ ಕಟ್ಟಲು ಒಪ್ಪಿದ. ಕೆಲಸ ಹಾಜಿಸಾಬನದೇ. ಜಾಗದ ಮುಂದೆ ಓಣಿ, ಎಡಕ್ಕೆ ಗಿಡ್ಡಪ್ಪನ ಮನೆಯ ಗೋಡೆ. ಬುನಾದಿ ಹಾಕುವ ದಿನ ಹಗ್ಗದ ಒಂದು ತುದಿಯನ್ನು ಸ್ವತಃ ತಿಮ್ಮವ್ವ ಹಿಡಿದಿದ್ದಳು. ಓಣಿಗುಂಟ ಮುಂದಿನ ಗೋಡೆ, ಅದರಷ್ಟೇ ಹಿಂದಿನ ಗೋಡೆ. ಗಿಡ್ಡಪ್ಪನ ಗೋಡೆಗುಂಟ ಎಡಗಡೆಯದು, ಅದರಷ್ಟೇ ಬಲಗಡೆಯದು. ಹಗ್ಗಕ್ಕೆ ಹಾಕಿದ ಗಂಟು ಎದುರೆದುರು ಗೋಡೆಗಳಿಗೆ ಒಂದೇ ಜಾಗದಲ್ಲಿ ಬಂದು ಬಿತ್ತು. ಅವಳು ತಾನೇ ಎರಡೆರಡು ಸಲ ನೋಡಿದಳು.

"ಎದುರಿಗೆದುರು ಸಮ ಅದಾವಲ್ಲ ಹಾಜಿಸಾಬಣ್ಣ?"

"ಸಮ ಅದಾವ ತಂಗಿ, ಸಮ ಅದಾವ," ಎಂದ ಹಾಜಿಸಾಬ. ಆಮೇಲೆ ಕನಕರಾಯನನ್ನು ಗಿಡ್ಡಪ್ಪನ ಗೋಡೆಯ ಕಡೆಗೆ ಕರೆದು ಏನೋ ಮೆಲ್ಲಗೆ ಹೇಳಿದ. ಕನಕರಾಯ ತಲೆಯನ್ನು ಜೋರಾಗಿ ಅಲ್ಲಾಡಿಸಿದ. ತಿಮ್ಮವ್ವ ಚಹಾಕ್ಕೆ ನೀರಿಡಲು ಹೊರಟಿದ್ದಳು. ಗಂಡಸರ ಮಾತು, ಏನೋ ಇರಬೇಕು ಎಂದುಕೊಂಡಳು.

ಖೋಲಿ ಎದ್ದಿತು. ಮೇಲೆ ತಗಡಿನ ಪತ್ರಾಸ, ಕೆಳಗೆ ಪರಸಿ. ಓಣಿಯ ಕಡೆಗೆ ಪತ್ರಾಸದ ಅಂಚು ಗರಗಸದ ಹಲ್ಲಿನಂತೆ ಒಂದೊಂದು ಹಾಳೆಗೂ ಇಷ್ಟಿಷ್ಟು ಹಿಂದೆ ಸರಿದಿತ್ತು. ತಿಮ್ಮವ್ವ ಕೇಳಿದಾಗ ಹಾಜಿಸಾಬ, "ಮಳಿನೀರು ಒಂದ ಕಡಿ ಬೀಳಬಾರ್ದು, ಅದಕ್ಕ" ಎಂದ. ಮಲಗುವ ಹೊರಸನ್ನು ತಂದು ಗೋಡೆಗೆ ಒತ್ತಿ ಇಟ್ಟರೆ ತಲೆಯ ಕಡೆ ಕೈ ತೂರುವಷ್ಟು ಸಂದಿ ಉಳಿಯುತ್ತಿತ್ತು. ಆ ಕಡೆ ಒತ್ತಿದರೆ ಈ ಕಡೆ ಬಾಯಿ ಬಿಡುತ್ತಿತ್ತು. ಕನಕರಾಯ, "ಹೊರಸು ಹಳೇದು, ಕಾಲು ಸಡ್ಲಾಗ್ಯಾವ" ಎಂದ. ಬಡಿಗನನ್ನು ಕರೆಸಿ ಕಾಲು ಬಿಗಿ ಮಾಡಿಸಿದ್ದೂ ಆಯಿತು. ಬಡಿಗನೇ ಬರೋಬರಿ ಕೆಲಸ ಮಾಡಲಿಲ್ಲ ಎಂದು ತಿಮ್ಮವ್ವ ಅವನಿಗೂ ಬೈದಳು.

ಆ ಹೊಸ ಖೋಲಿಯಲ್ಲಿ ಹೊಲಿದ ಮೊದಲ ಕೌದಿ ಲಿಂಗಸುಗೂರಿನ ಜಯಶ್ರೀಯದು. ಗಂಡ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಮನೆ. ಜಯಶ್ರೀಯ ತಾಯಿ ತೀರಿಕೊಂಡಿದ್ದಳು. ತಾಯಿಯ ಇಳಕಲ್ ಸೀರೆಗಳನ್ನೆಲ್ಲ ತಂದು ತಿಮ್ಮವ್ವನ ಮಡಿಲಿಗೆ ಹಾಕುವಾಗ ಅವಳ ಕಣ್ಣು ತುಂಬಿತ್ತು. ಜಯಶ್ರೀಯ ಮಗಳು ಬಾಣಂತನ ಮುಗಿಸಿ ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವ ಹೊತ್ತಿಗೆ ಕೌದಿ ಆಗಬೇಕು.

"ಒಂದು ಚೂರೂ ಹೊರಗ ಹೋಗಬಾರ್ದು ತಿಮ್ಮವ್ವ. ಅವ್ವನ ಸೆರಗಿನ ಕೆಂಪು ತೆನಿ ಕಾಣಂಗಿರಬೇಕು."

"ನೀವು ಹೇಳ್ಬೇಕೇನ್ರಿ ಅಕ್ಕಾರ, ನಿಮ್ಮವ್ವನ್ನ ಹಂಗ ತಂದು ಕೂಡಸ್ತೀನಿ," ಎಂದಿದ್ದಳು ತಿಮ್ಮವ್ವ.

ಹೊಸ ನೆಲದ ಕಲ್ಲುಗಳನ್ನು ಹಾಜಿಸಾಬ ಒಂದು ಸಾಲಿನ ಸಂದಿ ಇನ್ನೊಂದು ಸಾಲಿಗೆ ಕೂಡದಂತೆ ಹಿಂದೆಮುಂದೆ ಇಟ್ಟಿದ್ದ. ಅಡ್ಡಕ್ಕೆ ಹಿಡಿದುಕೊಳ್ಳಲು ಒಂದೇ ಗೆರೆ ಸಿಗಲಿಲ್ಲ. ಸಿಗದಿದ್ದರೇನು, ಹೊಸ ಮನೆಯ ಹೊಸ ಗೋಡೆ ಇದೆಯಲ್ಲ! ಖೋಲಿಯ ಮೂಲೆಗೆ ಸೀರೆಯ ಮೂಲೆ ಕೂರಿಸಿ, ಒಂದಂಚು ಈ ಗೋಡೆಗೆ ಒತ್ತಿ, ಇನ್ನೊಂದಂಚು ಆ ಗೋಡೆಗೆ ಒತ್ತಿ ಹಾಸಿದಳು. ತೆನೆಯ ಚಿತ್ತಾರವಿದ್ದ ಸೆರಗುಗಳು ಎರಡೂ ತುದಿಗೆ ಬರುವಂತೆ ಹೊಂದಿಸಿದಳು. ಬೇಸಿಗೆಯಿಡೀ ಜುಬೇದಾಬೀಯೂ ಅವಳೂ ಕೂತು ಹೊಲಿದರು. ಮುಗಿದ ಮೇಲೆ ಗೇಣು ಹಾಕಿ ನೋಡಿದರೆ ಉದ್ದ ಎರಡೂ ಕಡೆ ಸಮ, ಅಗಲ ಎರಡೂ ಕಡೆ ಸಮ. ರೊಟ್ಟಿ, ಬೆಲ್ಲ ಇಟ್ಟು ಹೊಟ್ಟೆ ಮುಚ್ಚಿದರು.

"ಉಂಡಳಲ್ಲ, ಇನ್ನ ಗಂಡನ ಮನಿಗೆ ಕಳಸು," ಎಂದು ಜುಬೇದಾಬೀ ಕೌದಿಯ ಮೇಲೆ ಕೈಯಾಡಿಸಿದಳು.

ತಿಮ್ಮವ್ವ ಕೌದಿಯನ್ನು ಗಂಟು ಕಟ್ಟಿಕೊಂಡು ಸಿಂಧನೂರಿಗೆ ಬಂದು, ಅಲ್ಲಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋದಳು. ಜಯಶ್ರೀ ಚಹಾ ಕೊಟ್ಟಳು, ಚೂಡಾ ಕೊಟ್ಟಳು. ಮಗಳು ಕೂಸನ್ನೆತ್ತಿಕೊಂಡು ಬಂದಳು. ಮಂಚದ ಮೇಲೆ ಕೌದಿ ಬಿಚ್ಚಿ ಹಾಸಿದರು.

ಮಂಚದ ತಲೆಗೆ ಸರಿಯಾಗಿ ಹಾಸಿದರೆ ಕಾಲಿನ ಕಡೆಗೆ ಬರುತ್ತ ಬರುತ್ತ ಕೌದಿ ಬಲಕ್ಕೆ ಜಾರಿತ್ತು. ಒಂದು ಮಗ್ಗುಲಿಗೆ ಜೋಲುತ್ತಿತ್ತು, ಇನ್ನೊಂದು ಮಗ್ಗುಲಿಗೆ ಗಾದಿ ಕಾಣುತ್ತಿತ್ತು. ತಿಮ್ಮವ್ವ, "ಹಾಸಿದ್ದ ಬರೋಬರಿ ಇಲ್ರಿ" ಎಂದು ಎಳೆದಳು. ಆ ಕಡೆ ಸರಿಯಾಯಿತು, ಈ ಕಡೆ ಕೆಟ್ಟಿತು. ನೆಲಕ್ಕೆ ಹಾಸಿದರು. ಟೈಲ್ಸಿನ ಗೆರೆಗೆ ಒಂದು ಅಂಚು ಕೂಡಿಸಿದರೆ ಮಗ್ಗುಲಿನ ಅಂಚು ಗೆರೆಯನ್ನು ದಾಟಿ ಹೊರಟೇಹೋಗಿತ್ತು.

"ವಾಲೇತಿ ತಿಮ್ಮವ್ವ," ಎಂದಳು ಜಯಶ್ರೀ ಸಣ್ಣ ದನಿಯಲ್ಲಿ.

"ಅದ್ಹೆಂಗ ವಾಲ್ತೈತ್ರಿ? ಗೇಣು ಹಾಕಿ ನೋಡ್ರಿ!" ತಿಮ್ಮವ್ವ ನೆಲಕ್ಕೆ ಕೂತು ತಾನೇ ಗೇಣು ಹಾಕಿದಳು. ಎರಡೂ ಉದ್ದ ಸಮ. ಎರಡೂ ಅಗಲ ಸಮ. ಮತ್ತೆ ಹಾಕಿದಳು. ಮತ್ತೂ ಸಮ. ಸಮ ಬಂದಷ್ಟೂ ಅವಳಿಗೆ ಸಿಟ್ಟು ಏರುತ್ತಿತ್ತು. ಒಂದು ಕಡೆ ಕಡಿಮೆ ಬಿದ್ದಿದ್ದರೆ ತಪ್ಪು ಅಲ್ಲಿದೆ ಎಂದಾದರೂ ತಿಳಿಯುತ್ತಿತ್ತು.

ಕೂಸಿನ ತಾಯಿ ಓದಿದ ಹುಡುಗಿ. ಬಗ್ಗಿ ನೋಡಿ, "ಅವ್ವಾ, ಇದು ಆಯತ ಅಲ್ಲ, ಸಮಾಂತರ ಚತುರ್ಭುಜ ಆಗೇತಿ. ಎದುರಿಗೆದುರು ಸಮನ ಇರ್ತಾವ. ಮೂಲಿ ಅಷ್ಟ ನೆಟ್ಟಗ ಇರಂಗಿಲ್ಲ," ಎಂದಳು.

"ಅದಕ್ಕೊಂದು ಹೆಸರು ಬ್ಯಾರೆ ಐತೇನವಾ?" ಎಂದಳು ತಿಮ್ಮವ್ವ. ಯಾವುದೋ ರೋಗದ ಹೆಸರು ಕೇಳಿದಂತಾಗಿತ್ತು ಅವಳಿಗೆ. "ಹೆಸರು ಇಟ್ರ ನೆಟ್ಟಗಾಗ್ತೈತೇನು?"

ಹುಡುಗಿ ನಕ್ಕುಬಿಟ್ಟಳು. ಜಯಶ್ರೀ ನಗಲಿಲ್ಲ. "ಬಿಚ್ಚಿ ಮತ್ತ ಹೊಲಿ ತಿಮ್ಮವ್ವ. ಮುಂದಿನ ವಾರ ಅವರು ಕರಿಯಾಕ ಬರ್ತಾರ. ಬೀಗರ ಮನ್ಯಾಗ ನಮ್ಮವ್ವನ ಸೀರಿ ಹಿಂಗ ಸೊಟ್ಟ ಹಾಸಿದ್ರ ನನಗ ಹೆಂಗಾಗಬ್ಯಾಡ?"

"ಹೊಟ್ಟಿ ತುಂಬಿಸೀನ್ರಿ ಅಕ್ಕಾರ. ಬಿಚ್ಚಾಕ ಬರಂಗಿಲ್ಲ."

"ಹಂಗಾದ್ರ ಏನು ಮಾಡ್ತಿ ಮಾಡು. ಈ ಸೀರಿ ಮತ್ತ ಎಲ್ಲಿಂದ ತರ್ಲಿ ನಾನು?"

ತಿಮ್ಮವ್ವ ಕೌದಿಯನ್ನು ಮಡಿಚಿದಳು. ಗಂಟು ಕಟ್ಟಿಕೊಂಡು ಹೊರಬಿದ್ದಳು. ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಸ್ಕಿಯಲ್ಲಿ ಹತ್ತಿದ ಒಬ್ಬಳು ಪಕ್ಕಕ್ಕೆ ಕೂತು, "ಗಂಟಿನ್ಯಾಗ ಏನೈತಿ ಯಕ್ಕಾ?" ಎಂದು ಕೇಳಿದಳು. "ನನ್ನ ಮಾನ ಐತಿ, ಸರದು ಕೂಡ್ರು," ಎಂದಳು ತಿಮ್ಮವ್ವ. ಪಾಪ, ಆ ಹೆಂಗಸು ಸಿಂಧನೂರಿನವರೆಗೂ ಕಿಟಕಿಯ ಕಡೆಗೇ ನೋಡುತ್ತ ಕೂತಳು.

ಮನೆಯಲ್ಲಿ ಕನಕರಾಯ ಸುದ್ದಿ ಕೇಳಿ, "ಕಣ್ಣು ಮಂಜಾಗ್ಯಾವ ನಿನಗ. ವಯಸ್ಸಾತು. ಬಿಡು ಇನ್ನ ಆ ಕೌದಿ," ಎಂದ. ಅಷ್ಟೇ ಹೇಳಿ ಊಟಕ್ಕೆ ಕೂತ. ತಿಮ್ಮವ್ವನಿಗೆ ರೊಟ್ಟಿ ಬಡಿಯುವ ಕೈಯೇ ನಿಂತಿತು. ಕಣ್ಣು ಮಂಜಾಗಿವೆಯೇ? ಮರುದಿನ ಬೆಳಗ್ಗೆ ಬಾಗಿಲಲ್ಲಿ ಕೂತು ಸಣ್ಣ ಸೂಜಿಗೆ ದಾರ ಪೋಣಿಸಿ ನೋಡಿದಳು, ಒಂದೇ ಸಲಕ್ಕೆ ಹೋಯಿತು. ಅಕ್ಕಿಯಲ್ಲಿ ಕಲ್ಲು ಆರಿಸಿದಳು, ಒಂದೂ ತಪ್ಪಲಿಲ್ಲ. ಓಣಿಯ ತುದಿಯಲ್ಲಿ ಬರುವವರು ಯಾರೆಂದು ಅವರು ಮನೆ ಮುಟ್ಟುವ ಮೊದಲೇ ಹೇಳಿದಳು. ಹಾಗಾದರೆ ಕೈಯೇ ಕೆಟ್ಟಿತೇ? ಹೊಲದ ಬದುವಿನ ಮೇಲೆ ನಡೆಯುವಾಗ ಕೂಡ ತಾನು ವಾಲುತ್ತಿದ್ದೇನೇನೋ ಎಂದು ಅನುಮಾನ. ನಾಟಿಯ ಹೆಂಗಸರಿಗೆ ಸುದ್ದಿ ಹೇಗೋ ಮುಟ್ಟಿತ್ತು. ಶಿವಕುಮಾರಿ ಎಂಬವಳು, ಹಿಂದೆ ಬೇಕಾದಷ್ಟು ಬೈಸಿಕೊಂಡವಳು, "ತಿಮ್ಮಕ್ಕಾ, ಕಣ್ಣು ಕಾಲುವಿ ದಂಡ್ಯಾಗ ನೋಡಿ ಬರ್ಲೇನು?" ಎಂದು ಕೇಳಿಯೇಬಿಟ್ಟಳು. ತಿಮ್ಮವ್ವ ಮೊದಲ ಸಲ ಬಾಯಿ ಮುಚ್ಚಿಕೊಂಡು ಮನೆಗೆ ಬಂದಳು.

ಬಂದವಳು ಬಾಗಿಲು ಹಾಕಿಕೊಂಡು ಕೌದಿಯನ್ನು ಖೋಲಿಯ ನೆಲಕ್ಕೆ ಬಿಸಾಕಿದಳು. ಬೈಯುತ್ತ ಬೈಯುತ್ತ ಮೂಲೆಗೆ ಎಳೆದಳು. ಒಂದಂಚು ಗೋಡೆಗೆ ಕೂತಿತು. ಇನ್ನೊಂದಂಚೂ ಗೋಡೆಗೆ ಕೂತಿತು. ಕಾಲಿನ ಕಡೆಯಿಂದ ನೋಡಿದಳು, ಹಿಂದಿನ ಗೋಡೆಗೂ ಕೌದಿಗೂ ನಡುವಿನ ಸಂದಿ ಈ ತುದಿಯಿಂದ ಆ ತುದಿಯವರೆಗೂ ಒಂದೇ ಸಮ. ಬಲಗಡೆಗೂ ಹಾಗೆಯೇ. ಗೋಡೆಗಳೇ ಅದನ್ನು ಅಳೆದು ಹೊಲಿಸಿದಂತಿತ್ತು.

"ಜುಬೇದಾ! ಏ ಜುಬೇದಾ! ಬಾರಬೇ ಇಲ್ಲಿ!"

ಜುಬೇದಾಬೀ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ನೋಡು! ಹೆಂಗ ಕುಂತೈತಿ ನೋಡು! ಅವರ ಮನಿನ ಸೊಟ್ಟ ಐತಿ, ಅವರ ಮಂಚ ಸೊಟ್ಟ ಐತಿ. ಸರ್ಕಾರಿ ಪಗಾರದ ಮನಿ, ಟೈಲ್ಸ್ ಹಾಕ್ಯಾರ, ಎಲ್ಲಾ ಸೊಟ್ಟ!"

ಜುಬೇದಾಬೀ ಬಗ್ಗಿ ನೋಡಿದಳು. "ಹೌದಲ್ಲ, ನೆಟ್ಟಗ ಐತಿ," ಎಂದಳು. ಆದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ತಡಿ, ನಮ್ಮ ಮನಿಗೊಯ್ದು ಹಾಸಿ ನೋಡೋಣ. ಗೌಂಡಿ ಮನಿ, ಸೊಟ್ಟ ಇರಾಕ ಸಾಧ್ಯ ಇಲ್ಲ."

ಇಬ್ಬರೂ ಕೌದಿಯನ್ನು ಹೊತ್ತು ಓಣಿ ದಾಟಿದರು. ಜುಬೇದಾಬೀಯ ಮನೆಯ ನೆಲಕ್ಕೆ ಹಾಸಿದರೆ ಕೌದಿ ಮತ್ತೆ ವಾಲಿತು. ಲಿಂಗಸುಗೂರಿನಲ್ಲಿ ಎಷ್ಟು ವಾಲಿತ್ತೋ ಅಷ್ಟೇ, ಅದೇ ಕಡೆಗೆ. ಸಂಗನಬಸವನ ಅಂಗಡಿಯ ಕಟ್ಟೆಗೆ ಒಯ್ದರು. ಅಲ್ಲಿಯೂ ವಾಲಿತು. ಅಂಗಡಿಗೆ ಬಂದವರೆಲ್ಲ ಸುತ್ತ ನಿಂತರು.

"ಊರೆಲ್ಲಾ ಸೊಟ್ಟ ಐತಿ, ನನ್ನ ಖೋಲಿ ಒಂದ ನೆಟ್ಟಗೈತಿ ಅಂದಂಗಾತು," ಎಂದಳು ತಿಮ್ಮವ್ವ. ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಅವಳು ಜುಬೇದಾಬೀಯ ಮುಖ ನೋಡಿದಳು. ಜುಬೇದಾಬೀ ಆಗಲೇ ಬೇರೆ ಕಡೆ ನೋಡುತ್ತಿದ್ದಳು.

"ಏನಬೇ, ಯಾಕ ಹಂಗ ಮಾಡ್ತಿ?"

"ತಿಮ್ಮಕ್ಕಾ, ನಾ ಏನೂ ಹೇಳಂಗಿಲ್ಲ. ನಮ್ಮನಿಯವರ ಗುಣಿಯಾ ಮನ್ಯಾಗ ಐತಿ. ತರ್ತೀನಿ. ನೀನ ಹಚ್ಚಿ ನೋಡು."

ಗುಣಿಯಾ ಎಂದರೆ ಗೌಂಡಿಗಳು ಮೂಲೆ ನೋಡುವ ಕಬ್ಬಿಣದ ಪಟ್ಟಿ, ಒಂದಕ್ಕೊಂದು ನೆಟ್ಟಗೆ ಕೂಡಿದ ಎರಡು ತೋಳುಗಳದ್ದು. ತಿಮ್ಮವ್ವ ಅದನ್ನು ತನ್ನ ಹೊಸ ಖೋಲಿಯ ಮೂಲೆಗೆ ಒಯ್ದು ಹಚ್ಚಿದಳು. ಒಂದು ತೋಳು ಗಿಡ್ಡಪ್ಪನ ಕಡೆಯ ಗೋಡೆಗೆ ಅಂಟಿ ನಿಂತಿತು. ಇನ್ನೊಂದು ತೋಳಿನ ತುದಿಗೂ ಗೋಡೆಗೂ ನಡುವೆ ಹೆಬ್ಬೆರಳು ಆಡುತ್ತಿತ್ತು. ಪಕ್ಕದ ಮೂಲೆಗೆ ಹಚ್ಚಿದಳು. ಅಲ್ಲಿ ಗುಣಿಯಾ ಒಳಗೇ ಹೋಗಲಿಲ್ಲ. ಹೊರಸಿನ ಸಂದಿ ನೆನಪಾಯಿತು. ಪತ್ರಾಸದ ಹಲ್ಲು ನೆನಪಾಯಿತು. ಸುಮ್ಮಸುಮ್ಮನೆ ಬೈಸಿಕೊಂಡ ಬಡಿಗನೂ ನೆನಪಾದ.

ಸಂಜೆ ಹಾಜಿಸಾಬನನ್ನೂ ಕನಕರಾಯನನ್ನೂ ಅದೇ ಮೂಲೆಯಲ್ಲಿ ನಿಲ್ಲಿಸಿದಳು.

ಹಾಜಿಸಾಬ ಗಡ್ಡ ಕೆರೆದುಕೊಂಡ. "ತಂಗಿ, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ. ಗಿಡ್ಡಪ್ಪನ ಗ್ವಾಡಿ ಒಂದು ಮಾರಿ ನೋಡ್ತೈತಿ, ಓಣಿ ಒಂದು ಮಾರಿ ನೋಡ್ತೈತಿ. ಬುನಾದಿ ದಿನಾನ ಇವರಿಗೆ ಹೇಳೀನಿ. ಹಿಂದಗಡಿ ಗಿಡ್ಡಪ್ಪನ ಕಡಿಗೆ ಒಂದು ಮೊಳ ಬಿಡ್ರಿ, ಗುಣಿಯಾಕ್ಕ ಬರ್ತೈತಿ ಅಂದೆ. ಇವರು ಗೇಣು ಸುದ್ದಾ ಬಿಡಂಗಿಲ್ಲ ಅಂದ್ರು. ಹಂಗಾದ್ರ ಎದುರಿಗೆದುರು ಸಮ ತಗೊಂಡು ಕಟ್ಟತೀನಿ ಅಂದೆ."

"ನಾ ಕೇಳಿದಾಗ ಸಮ ಅದಾವ ಅಂದಿ!"

"ಸಮ ಅದಾವಲ್ಲ ಮತ್ತ?"

ತಿಮ್ಮವ್ವ ಗಂಡನ ಕಡೆಗೆ ತಿರುಗಿದಳು. ಕನಕರಾಯ ಗೋಡೆಯನ್ನೇ ನೋಡುತ್ತ ನಿಂತಿದ್ದ.

"ಜಾಗ ಬಿಟ್ರ ಆ ಗಿಡ್ಡಪ್ಪ ಅಲ್ಲಿ ಕೋಳಿ ಗೂಡು ಇಡ್ತಿದ್ದ," ಎಂದ.

"ಇಡ್ಲಿ! ಕೋಳಿಯಾದ್ರೂ ನೆಟ್ಟಗ ಕುಂದರ್ತಿದ್ವು! ನನ್ನ ಕಣ್ಣು ಮಂಜಾಗ್ಯಾವ ಅಂದ್ಯಲ್ಲ, ಗೊತ್ತಿದ್ದೂ ಅಂದಿ? ಮೂರು ಬ್ಯಾಸಗಿ ಕೇಳಿ ಕೇಳಿ ಕಟ್ಟಿಸಿಕೊಂಡೆ ಈ ಖೋಲಿನ. ಯಾಕ ಕೇಳಿದೆ? ಮಲಗಾಕ ಕೇಳಿದ್ನೇನು? ನೆಟ್ಟಗ ಹಾಸಾಕ ಒಂದು ನೆಲ ಕೇಳಿದ್ದೆ. ಇದಕ್ಕ ಲಿಂಗಸುಗೂರಾಗ ಒಂದು ಹೆಸರೈತಿ, ಗೊತ್ತೈತೇನು? ಸಮಾಂತರ ಏನೋ ಭುಜ ಅಂತ. ನಿನ್ನ ಮನಿ ಹೆಸರು ಅದು!"

"ಖೋಲಿ ಸೊಟ್ಟ ಇದ್ರ ಕೌದಿ ಸೊಟ್ಟ ಆಗ್ತೈತಿ ಅಂತ ನನಗೇನು ಗೊತ್ತು," ಎಂದ ಕನಕರಾಯ. ಅದು ನಿಜವೇ ಇತ್ತು. ಅದಕ್ಕೇ ತಿಮ್ಮವ್ವನಿಗೆ ಇನ್ನಷ್ಟು ಸಿಟ್ಟು ಬಂತು. ಬೇಕಂತ ಮಾಡಿದ್ದರೆ ಬೈದು ಮುಗಿಸಬಹುದಿತ್ತು.

ಗೋಡೆ ಕೆಡವುವಂತಿಲ್ಲ. ಕೌದಿಯ ಹೊಟ್ಟೆ ಸೀಳುವಂತಿಲ್ಲ. ಜಯಶ್ರೀಯ ಬೀಗರು ಬರುವ ದಿನ ನಿಲ್ಲುವಂತಿಲ್ಲ. ಮರುದಿನ ತಿಮ್ಮವ್ವ ಕೌದಿಯನ್ನು ಜುಬೇದಾಬೀಯ ನೆಲಕ್ಕೆ ಹಾಸಿ, ಅದರ ಮುಂದೆ ಕೂತುಬಿಟ್ಟಳು. ಗುಣಿಯಾ ಇಟ್ಟು ಕೌದಿಯ ಮೇಲೆ ಬಳಪದಿಂದ ಒಂದು ಗೆರೆ ಎಳೆದಳು. ಬಲಗಡೆಯ ತುದಿಯಲ್ಲಿ ಕೌದಿ ಎಷ್ಟು ಹೊರಗೆ ಚಾಚಿತ್ತೋ ಅಷ್ಟು ಗೆರೆಯ ಹೊರಗೆ ಉಳಿಯಿತು. ಕೆಳಗೆ ಅಗಲವಾಗಿ, ಮೇಲೆ ಬರುತ್ತ ಮೊನೆಯಾಗುವ ತುಂಡು.

"ಎರಡೂ ಕಡಿ ವಾಲಿದ್ದು ಕತ್ತರಿಸಿ ಒಗಿ," ಎಂದಳು ಜುಬೇದಾಬೀ. "ಹೊಟ್ಟಿ ನಡುವ ಐತಿ. ಅಂಚು ಕತ್ತರಿಸಿದ್ರ ಹೊಟ್ಟಿ ಸೀಳಿದಂಗ ಆಗಂಗಿಲ್ಲ. ನಮ್ಮ ಹೊಟ್ಟಿ ಬ್ಯಾರೆ, ಉಗುರು ಬ್ಯಾರೆ ಇಲ್ಲೇನು?"

"ಒಗಿಯಾಕ ಅದೇನು ಚಿಂದಿಯೇನ? ಕೆಂಪು ತೆನಿ ಅಲ್ಲೇ ಐತಿ. ಒಂದು ಚೂರೂ ಹೊರಗ ಹೋಗಬಾರ್ದು ಅಂದಾಳ ಆಕಿ."

"ಹಂಗಾದ್ರ ಬಲಗಡಿದು ಒಂದ ಕತ್ತರಿಸು. ಎಡಗಡಿ ಕಡಿಮಿ ಬಿದ್ದಲ್ಲಿ ತ್ಯಾಪಿ ಹಚ್ಚು."

"ತ್ಯಾಪಿ ಎಲ್ಲಿಂದ ತರ್ಲಿ? ಆ ಸೀರಿ ಎಲ್ಲೈತಿ? ಆ ಬಣ್ಣ ಎಲ್ಲೈತಿ? ಸತ್ತಾಕೀನ ಎಬ್ಬಿಸಿ ಇನ್ನೊಂದು ಸೀರಿ ಕೊಡು ಅನ್ಲೇನು?"

ಜುಬೇದಾಬೀಗೂ ಈಗ ತಾಳ್ಮೆ ಮುಗಿದಿತ್ತು. "ಯಾ ಅಲ್ಲಾ! ಬಲಗಡಿ ಕತ್ತರಿಸಿದ ತುಂಡು ಇರ್ತೈತಲ್ಲ, ಅದೇನು ನನ್ನ ಸೀರಿಯೇನು? ಅದನ್ನ ಹಚ್ಚು!"

ತಿಮ್ಮವ್ವ ಬೈಯಲು ಬಾಯಿ ತೆರೆದವಳು ಎಡಗಡೆಯ ತುದಿಯನ್ನು ನೋಡಿದಳು. ಅಲ್ಲಿ ಕಡಿಮೆ ಬಿದ್ದ ಜಾಗವೂ ಕೆಳಗೆ ಅಗಲ, ಮೇಲೆ ಮೊನೆ. ಅಗಲದ ಕಡೆ ಗೇಣು ಹಾಕಿದಳು. ಬಲಗಡೆಯ ಚಾಚಿನ ಮೇಲೂ ಹಾಕಿದಳು. ಒಂದೇ. ಈ ಸಲ ಸಮ ಬಂದದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ.

ಆದರೂ ಕೈ ಮೊದಲು ಹೋದದ್ದು ಸೂಜಿಗೇ. ಹುಟ್ಟಿದಾಗಿನಿಂದ ಕೌದಿ ಹೊಲಿದ ಕೈ ಅದು, ಕೌದಿ ಕತ್ತರಿಸಿದ್ದಲ್ಲ. ಮೊದಲು ಬಳಪದ ಗೆರೆಯ ಆಚೆಗೊಂದು, ಈಚೆಗೊಂದು ಒತ್ತಾಗಿ ಹೊಲಿಗೆ ಹಾಕಿದಳು, ಒಳಗಿನ ದಾರ ಸಡಿಲ ಬೀಳಬಾರದೆಂದು. ಆಮೇಲೆ ನಡುವೆ ಕತ್ತರಿ ನಡೆಸಿದಳು. ತುಂಡನ್ನು ತಿರುವು ಮುರುವು ಮಾಡದೆ ಹಾಗೆಯೇ ಎಡಗಡೆಗೆ ಒಯ್ದು ಇಟ್ಟರೆ, ಅದರ ಓರೆಯಾದ ಹಳೆಯ ಅಂಚು ಇಲ್ಲಿಯ ಓರೆಯಾದ ಹಳೆಯ ಅಂಚಿಗೆ ಹೋಗಿ ಕೂತುಕೊಂಡಿತು. ಎರಡೂ ತುದಿಯ ಕೆಂಪು ತೆನೆಗಳು ಆ ಓರೆಯಲ್ಲಿ ಒಂದಕ್ಕೊಂದು ಎದುರಾದವು. ಜುಬೇದಾಬೀ ಆ ಕಡೆಯಿಂದ, ತಿಮ್ಮವ್ವ ಈ ಕಡೆಯಿಂದ ಹೊಲಿದರು. ಹೊಸ ಅಂಚುಗಳಿಗೆ ಪಟ್ಟಿ ಕಟ್ಟಿದರು. ಮಡಿಚಿ ನೋಡಿದರೆ ಅಂಚಿಗೆ ಅಂಚು ಕೂಡಿತು. ಹೊಟ್ಟೆ ಹಾಗೆಯೇ ಇತ್ತು. ಈಗ ಅದು ನಟ್ಟನಡುವಿನಿಂದ ಕೊಂಚ ಬಲಕ್ಕೆ ಬಿದ್ದಿತ್ತು, ಅದಕ್ಕೂ ತಿಮ್ಮವ್ವ ಒಂದಿಷ್ಟು ಗೊಣಗಿದಳು.

ಲಿಂಗಸುಗೂರಿನಲ್ಲಿ ಜಯಶ್ರೀ ಕೌದಿಯನ್ನು ಮಂಚಕ್ಕೆ ಹಾಸಿ ನೋಡಿದಳು. ನಾಲ್ಕೂ ಕಡೆ ಸಮನಾಗಿ ಇಳಿಬಿತ್ತು. ಆಮೇಲೆ ಎಡತುದಿಯ ಓರೆ ಗೆರೆಯ ಮೇಲೆ ಬೆರಳಾಡಿಸಿದಳು.

"ಇದೇನು ತಿಮ್ಮವ್ವ, ಇಲ್ಲಿ ಹೊಲಿಗಿ?"

"ಅದು ನಮ್ಮ ಮನಿ ಗ್ವಾಡಿರಿ ಅಕ್ಕಾರ," ಎಂದಳು ತಿಮ್ಮವ್ವ. ಬಿಡಿಸಿ ಹೇಳುವ ತಾಳ್ಮೆ ಅವಳಿಗಿರಲಿಲ್ಲ. "ಚೂರೂ ಹೊರಗ ಹೋಗಿಲ್ಲ. ಇದ್ದದ್ದು ಎಲ್ಲಾ ಇಲ್ಲೇ ಐತಿ."

ಜಯಶ್ರೀ ಇನ್ನೇನೋ ಕೇಳುವವಳಿದ್ದಳು. ಎದುರುಬದುರಾದ ತೆನೆಗಳನ್ನು ನೋಡಿ, ಕೂಸನ್ನು ತಂದು ಅದರ ಮೇಲೆ ಮಲಗಿಸಿದಳು.

ಊರಿಗೆ ಬಂದ ಮೇಲೆ ತಿಮ್ಮವ್ವ ಹಾಜಿಸಾಬನನ್ನು ಕರೆಸಿ, ಗುಣಿಯಾ ಹಿಡಿಸಿ, ಖೋಲಿಯ ಪರಸಿಯ ಮೇಲೆ ಎರಡು ಗೆರೆ ಹೊಡೆಸಿದಳು, ಉದ್ದಕ್ಕೊಂದು, ಅಡ್ಡಕ್ಕೊಂದು. ಅಳಿಸಬಾರದೆಂದು ಕೆಂಪು ಬಣ್ಣ. ಅಡ್ಡಗೆರೆ ಗೋಡೆಯ ಹತ್ತಿರ ಶುರುವಾಗಿ ಹೋಗುತ್ತ ಹೋಗುತ್ತ ಗೋಡೆಯಿಂದ ದೂರ ಸರಿಯುತ್ತಿತ್ತು. ಕನಕರಾಯ ಹೊಲದಿಂದ ಬಂದವನು ಬಾಗಿಲಲ್ಲೇ ನಿಂತ.

"ಏನಲೇ ಇದು? ಹೊಸ ನೆಲಕ್ಕ ಸೊಟ್ಟ ಗೆರಿ ಹೊಡಿಸೀದಿ?"

"ಈ ಮನ್ಯಾಗ ನೆಟ್ಟಗಿರೋದು ಅದೊಂದ," ಎಂದಳು ತಿಮ್ಮವ್ವ. "ಕಾಲು ತೊಳಕೊಂಡು ಬಾ, ಗೆರಿ ತುಳಿಬ್ಯಾಡ."

ಅವನು ಗೆರೆಯನ್ನು ದಾಟಿ ಹೋಗಿ ಹೊರಸಿನ ಮೇಲೆ ಕೂತ. ಹೊರಸು ಈಗಲೂ ಗೋಡೆಗೆ ಕೂಡಿರಲಿಲ್ಲ. ಅವಳು ಸರಿ ಮಾಡಲು ಹೋಗಲಿಲ್ಲ. ಪಾಮನಕಲ್ಲೂರಿನಿಂದ ಬಂದ ಹೊಸ ಗಂಟನ್ನು ಬಿಚ್ಚಿ, ಮೊದಲ ಸೀರೆಯ ಅಂಚನ್ನು ಕೆಂಪು ಗೆರೆಗೆ ಹೊಂದಿಸಿ ಹಾಸಿದಳು. ಗೋಡೆಯ ಕಡೆ ಉಳಿದ ಮೊನೆಯ ಜಾಗದಲ್ಲಿ ಕಸಬರಿಗೆಯನ್ನು ಒರಗಿಸಿ ಇಟ್ಟಳು.